ಬಾಯಿಕಾವಲಿನ ಇಪ್ಪತ್ತಾರನೆಯ ದಿನ

ನನ್ನ ಅತ್ತಿಗೆ ಈಗ ಕೊಳೆಬಟ್ಟೆ ಬೇರ್ಪಡಿಸುವ ಕೋಣೆಯಲ್ಲಿ ಕೆಲಸ ಮಾಡುತ್ತಾರೆ. ಹೋದ ವರ್ಷದವರೆಗೆ ಅವರ ಜಾಗ ಇಸ್ತ್ರಿ ರೋಲರಿನ ಮುಂದಿತ್ತು. ಆಸ್ಪತ್ರೆಯ ಲಾಂಡ್ರಿಯಲ್ಲಿ ಅಲ್ಲಿಂದ ಇಲ್ಲಿಗೆ ಯಾರೂ ಕೇಳಿಕೊಂಡು ಬರುವುದಿಲ್ಲ. ಅತ್ತಿಗೆ ಯಾಕೆ ಬಂದರು ಎಂಬುದನ್ನು ಒಬ್ಬೊಬ್ಬರು ಒಂದೊಂದು ಥರ ಹೇಳುತ್ತಾರೆ. ಬಾಯಿದೆ, ಹೇಳಲಿ. ಆದರೆ ಆ ಕತೆಯಲ್ಲಿ ಸುಟ್ಟ ಬೆರಳುಗಳು ನನ್ನವು. ಅದನ್ನು ಸರಿಯಾಗಿ ಹೇಳುವ ಹಕ್ಕು ನನಗೇ ಹೆಚ್ಚು.

ಮೊದಲು ಅತ್ತಿಗೆಯ ಬಾಯಿಯ ವಿಷಯ. ನಮ್ಮ ಮನೆಯಲ್ಲಿ ಯಾರಿಗಾದರೂ ತಲೆನೋವು ಬರಬಹುದಿತ್ತು, ಬಂದಿದೆ ಎಂದು ಹೇಳುವ ಹಾಗಿರಲಿಲ್ಲ. "ತಲೆ ಸಿಡೀತಿದೆ" ಎಂದು ನಾನು ಗೊಣಗಿದರೆ ಅಡುಗೆಮನೆಯಿಂದ ಕೂಗು ಬರುತ್ತಿತ್ತು: "ಹಾಗನ್ಬೇಡ ಕಣೇ! ಚೆನ್ನಾಗಿದೀನಿ ಅನ್ನು!" ಹಿಂದೆಯೇ ಮಾತ್ರೆ ಮತ್ತು ನೀರು ಹಿಡಿದು ಅವರೇ ಬರುತ್ತಿದ್ದರು. ಮಳೆ ಬಂದು ನಡುಮನೆಯ ಸೂರು ಸೋರಿದರೆ "ನಮ್ಮ ಸೂರು ಗಟ್ಟಿ ಇದೆ, ದೇವರಿಗೆ ಸ್ತೋತ್ರ" ಎನ್ನುತ್ತಲೇ ಕೆಳಗೆ ಬಕೆಟ್ ಇಡುತ್ತಿದ್ದರು. ಅಣ್ಣ ಒಮ್ಮೆ ತಡೆಯಲಾರದೆ ಕೇಳಿದ.

"ಸೂರು ಗಟ್ಟಿ ಇದ್ರೆ ಬಕೆಟ್ ಯಾಕೆ ಮಾರಾಯ್ತಿ?"

"ಬಕೆಟ್ ಕೈಯ ಕೆಲಸ. ಬಾಯಿಯ ಕೆಲಸ ಬೇರೆ," ಎಂದರು ಅತ್ತಿಗೆ, ಒಂದಿಷ್ಟೂ ನಗದೆ.

ನಾನೂ ಅಣ್ಣನೂ ವಾರಗಟ್ಟಲೆ ಅದನ್ನೇ ಹೇಳಿಕೊಂಡು ನಕ್ಕೆವು. ಲಾಂಡ್ರಿಯಲ್ಲಿ ಅವರಿಗೆ ಸ್ತೋತ್ರಕ್ಕ ಎಂದೇ ಹೆಸರು. ಹೇಗಿದ್ದೀರಿ ಎಂದರೂ ಸ್ತೋತ್ರ, ಬಸ್ ತಪ್ಪಿದರೂ ಸ್ತೋತ್ರ. ನನಗೆ ಅಲ್ಲಿಟ್ಟ ಹೆಸರು ರೇಡಿಯೋ. ಕಾರಣ ಬಿಡಿಸಿ ಹೇಳಬೇಕಾಗಿಲ್ಲ.

ಆದರೆ ಅತ್ತಿಗೆಯ ಸ್ತೋತ್ರದ ಹಿಂದೆ ಇದ್ದದ್ದು ನಗುವ ವಿಷಯವಲ್ಲ. ಅವರ ಅಪ್ಪ ದರ್ಜಿ. ಒಳ್ಳೆಯ ಕೈ, ಕೆಟ್ಟ ನಾಲಿಗೆ. ಮಗಳಿಗೆ ಹೆಸರಿಟ್ಟಿದ್ದರೂ ಆತ ಅದನ್ನು ಬಳಸಿದ್ದೇ ಇಲ್ಲ. "ಯಾತಕ್ಕೂ ಬಾರದವಳನ್ನ ಕರಿ, ಸೂಜಿಗೆ ದಾರ ಹಾಕ್ಲಿ." "ಯಾತಕ್ಕೂ ಬಾರದವಳೇ, ಊಟಕ್ಕೆ ಬಾ." ಸಿಟ್ಟಿನಿಂದಲೂ ಅಲ್ಲ, ಮಾಮೂಲಿ ದನಿಯಲ್ಲಿ, ದಿನಾ. ಶಾಲೆಯಲ್ಲಿ ಉತ್ತರ ಗೊತ್ತಿದ್ದರೂ ಈ ಹುಡುಗಿ ಕೈ ಎತ್ತುತ್ತಿರಲಿಲ್ಲವಂತೆ. ಹತ್ತೊಂಬತ್ತನೆಯ ವಯಸ್ಸಿನಲ್ಲಿ ಪಕ್ಕದ ಮನೆಯವರ ಜೊತೆ ಒಂದು ಸಂಜೆ ಪ್ರಾರ್ಥನಾ ಸಭೆಗೆ ಹೋದರು. ಅಲ್ಲಿ ಮನೆಮನೆಗೆ ಹೋಗಿ ಪ್ರಾರ್ಥನೆ ಮಾಡುವ ಒಬ್ಬ ಹೆಂಗಸಿದ್ದರು, ಎಲ್ಲರೂ ದೊಡ್ಡಮ್ಮ ಎನ್ನುತ್ತಿದ್ದರು. ಅವರು ಈ ಹುಡುಗಿಯ ತಲೆಯ ಮೇಲೆ ಕೈಯಿಟ್ಟು ಒಂದೇ ಮಾತು ಹೇಳಿದರು: "ನೀನು ದೇವರಿಗೆ ಬೇಕಾದವಳು ಮಗಳೇ."

ಮರುದಿನ ಬೆಳಿಗ್ಗೆ ಅಪ್ಪ ಹಳೆಯ ಹೆಸರಿನಿಂದ ಕರೆದಾಗ ಅತ್ತಿಗೆ ಏಳಲಿಲ್ಲ. "ನನಗೆ ಹೆಸರಿದೆ ಅಪ್ಪ" ಎಂದರಂತೆ. ಅಪ್ಪನಿಗೆ ಅವರು ಎದುರು ಆಡಿದ ಮೊದಲ ಮಾತು ಅದು. ಒಂದು ಮಾತು ಹತ್ತೊಂಬತ್ತು ವರ್ಷ ತಲೆ ತಗ್ಗಿಸಿಟ್ಟಿತ್ತು, ಇನ್ನೊಂದು ಮಾತು ಒಂದೇ ಸಂಜೆಯಲ್ಲಿ ಎತ್ತಿ ನಿಲ್ಲಿಸಿತು. ಅಂಥವರು ಮಾತಿಗೆ ಹೆದರದೆ ಇನ್ನೇನಕ್ಕೆ ಹೆದರುತ್ತಾರೆ? ಬೇರೆಯವರು ಕರೆಂಟಿಗೆ ಹೆದರುವಂತೆ ಅತ್ತಿಗೆ ಮಾತಿಗೆ ಹೆದರುತ್ತಿದ್ದರು. ಇದನ್ನೆಲ್ಲ ಅವರು ನನಗೊಬ್ಬಳಿಗೇ, ಒಮ್ಮೆ ಮಾತ್ರ, ನಂಬಿ ಹೇಳಿದ್ದರು. ನಂಬಿಕೆಗೆ ನಾನು ಕೊಟ್ಟ ಬೆಲೆ ಏನೆಂದು ಮುಂದೆ ಬರುತ್ತದೆ.

ಲಾಂಡ್ರಿ ಇರುವುದು ಆಸ್ಪತ್ರೆಯ ನೆಲಮಾಳಿಗೆಯಲ್ಲಿ. ಒಂದು ಕಡೆ ಆರು ಒಗೆಯುವ ಯಂತ್ರಗಳು, ದಿನವಿಡೀ ಗುಡುಗು. ಇನ್ನೊಂದು ಕಡೆ ರೋಲರ್: ಎರಡಾಳು ಉದ್ದದ, ಒಳಗೆ ಹಬೆ ತುಂಬಿದ ಕಬ್ಬಿಣದ ಉರುಳೆ. ಮುಂದೆ ನಿಂತವರು ಒದ್ದೆ ಹಾಸಿಗೆಬಟ್ಟೆಯ ಅಂಚು ಹಿಡಿದು ಕೊಡುತ್ತಾರೆ. ಅದು ಒಣಗಿ, ಇಸ್ತ್ರಿಯಾಗಿ ಹಿಂದಿನಿಂದ ಬರುತ್ತದೆ, ಅಲ್ಲಿದ್ದವರು ಮಡಿಸುತ್ತಾರೆ. ಗಂಟೆಗೊಮ್ಮೆ ಜಾಗ ಬದಲು. ಕೊಡುವ ಕಡೆ, ಉರುಳೆಯ ಸ್ವಲ್ಪ ಮೇಲೆ, ಅಡ್ಡಕ್ಕೆ ಒಂದು ಕೆಂಪು ತಡೆಪಟ್ಟಿ ಇದೆ. ಕೈ ಜಾರಿ ಒಳಗೆ ಹೋದರೆ ಮಣಿಕಟ್ಟು ಆ ಪಟ್ಟಿಗೆ ತಾಗುತ್ತದೆ, ತಾಗಿದ ಕೂಡಲೇ ರೋಲರ್ ನಿಲ್ಲಬೇಕು. ನಮ್ಮೆಲ್ಲರ ಕೈಗೆ ಇರುವ ಕಾವಲು ಅದೊಂದೇ.

ಅದನ್ನು ಬೆಳಿಗ್ಗೆ ಏಳೂವರೆಗೆ ಪರೀಕ್ಷಿಸುವ ಕ್ರಮ ನಮ್ಮಲ್ಲಿ ಹೀಗೆ. ಹಿರಿಯಳು ರೋಲರನ್ನು ನಿಧಾನಕ್ಕೆ ಓಡಿಸಿ ಮರದ ಕೋಲಿನಿಂದ ಪಟ್ಟಿಗೆ ಒಂದೇಟು ಹಾಕುತ್ತಾಳೆ. ರೋಲರ್ ನಿಂತರೆ ಎಲ್ಲರಿಗೂ ಕೇಳುವಂತೆ ಕೂಗುತ್ತಾಳೆ: "ಪಟ್ಟಿ ಸರಿ!" ಮಡಿಸುವ ಕಡೆಯವಳು ರೋಲರ್ ನಿಂತದ್ದನ್ನು ನೋಡಿ ಉತ್ತರ ಕೊಡಬೇಕು: "ಕೇಳಿಸ್ತು!" ಆ ಉತ್ತರ ಬರುವವರೆಗೆ ಯಾರೂ ಹಸಿರು ಗುಂಡಿ ಮುಟ್ಟುವಂತಿಲ್ಲ. ಸೂಪರ್‌ವೈಜರ್ ಮೂಲೆಯ ಗಾಜಿನ ಗೂಡಿನಲ್ಲಿ ಟೀ ಕುಡಿಯುತ್ತ ಎರಡೂ ಕೂಗು ಕೇಳಿ ಹಾಳೆಯಲ್ಲಿ ಗುರುತು ಹಾಕುತ್ತಾನೆ. ಎದ್ದು ಬಂದು ನೋಡಿದ್ದನ್ನು ನಾನಂತೂ ಕಂಡಿಲ್ಲ. ಆರು ಯಂತ್ರಗಳ ಗದ್ದಲ ಮೀರಿ ಕೇಳುವ ಗಂಟಲು ಅತ್ತಿಗೆಯದು, ಅದಕ್ಕೇ ಒಂಬತ್ತು ವರ್ಷದಿಂದ ಆ ಕೂಗು ಅವರದೇ ಆಗಿತ್ತು.

ಹೋದ ವರ್ಷ ಸಭೆಗೆ ಹೊರಗಿನಿಂದ ಒಬ್ಬ ಬೋಧಕರು ಬಂದರು. ಬಾಯಿಂದ ಬಿದ್ದ ಮಾತು ಬಿತ್ತಿದ ಬೀಜ, ಕೆಟ್ಟದ್ದು ಆಡಿದರೆ ಕೆಟ್ಟದ್ದೇ ಮೊಳೆಯುತ್ತದೆ ಎಂದು ಮೂರು ದಿನ ಬೋಧಿಸಿದರು. ಆಮೇಲೆ ನಲವತ್ತು ದಿನದ ಬಾಯಿಕಾವಲು. ಒಂದು ಬೇಡಿಕೆ ಮನಸ್ಸಿನಲ್ಲಿ ಇಟ್ಟುಕೊಂಡು, ನಲವತ್ತು ದಿನ ಬಾಯಿಂದ 'ಇಲ್ಲ', 'ಆಗಲ್ಲ', 'ಸರಿಯಿಲ್ಲ' ಎಂಬ ಮಾತು ಬಾರದ ಹಾಗೆ ನೋಡಿಕೊಳ್ಳಬೇಕು. ಒಮ್ಮೆ ತಪ್ಪಿದರೂ ಮೊದಲಿನಿಂದ ಎಣಿಕೆ. ಅತ್ತಿಗೆ ಮೊದಲ ಸಾಲಿನಲ್ಲೇ ಎದ್ದು ನಿಂತು ಹೆಸರು ಕೊಟ್ಟರು. ಅವರ ಬೇಡಿಕೆ ನಾನು. ಎರಡು ವರ್ಷದಿಂದ ಹಂಗಾಮಿಯಾಗಿದ್ದ ನನ್ನ ಕೆಲಸ ಆ ತಿಂಗಳ ಕೊನೆಗೆ ಖಾಯಂ ಆಗಬೇಕಿತ್ತು. ಆಗದಿದ್ದರೆ ಮನೆಗೆ.

"ನನಗೋಸ್ಕರ ಬಾಯಿಗೆ ಬೀಗ ಯಾಕೆ ಅತ್ತಿಗೆ?" ಎಂದು ನಾನು ರೇಗಿಸಿದೆ.

"ನಿನ್ನ ಬಾಯಿಗೆ ಬೀಗ ಹಾಕೋಕೆ ದೇವರಿಗೂ ಕಷ್ಟ. ಅದಕ್ಕೆ ನನ್ನದಕ್ಕೆ ಹಾಕಿದೀನಿ," ಎಂದರು. ಅತ್ತಿಗೆ ಹಾಸ್ಯ ಮಾಡುವುದು ಅಪರೂಪ, ಅದಕ್ಕೇ ಆ ಮಾತು ನೆನಪಿದೆ.

ಇಪ್ಪತ್ತಾರನೆಯ ದಿನ ಮಂಗಳವಾರ. ನಾನು ಮಡಿಸುವ ಕಡೆ ರೋಲರಿಗೆ ಬೆನ್ನು ಹಾಕಿ ನಿಂತು, ಪಕ್ಕದವಳಿಗೆ ಬಸ್ಸಿನಲ್ಲಿ ಕಂಡ ಜಗಳದ ವರದಿ ಒಪ್ಪಿಸುತ್ತಿದ್ದೆ. ಹಿಂದೆ ಕೋಲಿನ ಸದ್ದು ಕೇಳಿತು. ಟಕ್. ಸ್ವಲ್ಪ ಬಿಟ್ಟು ಇನ್ನೊಂದು ಟಕ್. ಮತ್ತೊಂದು. ಆಮೇಲೆ "ಪಟ್ಟಿ ಸರಿ!" ನಾನು ತಿರುಗಿ ನೋಡದೆಯೇ "ಕೇಳಿಸ್ತು!" ಎಂದೆ. ಇದು ನನ್ನ ತಪ್ಪು, ಬರೆದಿಡುತ್ತೇನೆ.

ಎಂಟೂವರೆಗೆ ಜಾಗ ಬದಲಾಗಿ ನಾನು ಕೊಡುವ ಕಡೆಗೆ ಬಂದೆ. ಒಂದು ಹಾಸಿಗೆಬಟ್ಟೆಯ ಮೂಲೆ ಮಡಚಿಕೊಂಡಿತ್ತು. ಬಿಡಿಸಲು ಹೋದಾಗ ಒದ್ದೆ ಬಟ್ಟೆ ಬೆರಳಿಗೆ ಸುತ್ತಿ ಎಳೆಯಿತು. ಮಣಿಕಟ್ಟಿನಿಂದ ಪಟ್ಟಿಯನ್ನು ತಳ್ಳಿದೆ. ರೋಲರ್ ನಿಲ್ಲಲಿಲ್ಲ. ಇನ್ನೊಮ್ಮೆ ತಳ್ಳಿದೆ. ಅದು ತಿರುಗುತ್ತಲೇ ಇತ್ತು. ಆಚೆಯಿಂದ "ಅಯ್ಯೋ!" ಎಂದು ಅತ್ತಿಗೆ ಕಿರುಚಿದ್ದು, ಅವರ ಕಡೆಯ ಕೆಂಪು ಗುಂಡಿ ಗುದ್ದಿದ್ದು ಒಟ್ಟಿಗೇ ಆಯಿತು. ಅಷ್ಟು ಹೊತ್ತಿಗೆ ಬಲಗೈಯ ಎರಡು ಬೆರಳು ತುದಿಯಿಂದ ಎರಡನೆಯ ಗೆಣ್ಣಿನವರೆಗೆ ಬೆಂದಿದ್ದವು.

ಆಸ್ಪತ್ರೆ ದೂರವೇನೂ ಇರಲಿಲ್ಲ, ಲಿಫ್ಟ್ ಹತ್ತಿದರೆ ಸಾಕು. ನಾನೇ ಹಿಂದಿನ ದಿನ ಮಡಿಸಿದ್ದ ಹಾಸಿಗೆಬಟ್ಟೆಯ ಮೇಲೆ ನನ್ನನ್ನು ಮಲಗಿಸಿದರು.

ಮಧ್ಯಾಹ್ನ ಮೆಕ್ಯಾನಿಕ್ ಬಂದು ಪಟ್ಟಿಯನ್ನು ಹತ್ತು ಸಲ ತಳ್ಳಿದನಂತೆ. ಹತ್ತು ಸಲವೂ ರೋಲರ್ ನಿಂತಿತು. ಸೂಪರ್‌ವೈಜರ್ ವರದಿ ಬರೆದ: ಕೆಲಸಗಾರ್ತಿ ಮಾತಾಡುತ್ತ ಅಜಾಗರೂಕತೆಯಿಂದ ಕೈ ಇಟ್ಟಿದ್ದಾಳೆ, ಪಟ್ಟಿಯನ್ನು ತಳ್ಳಿಲ್ಲ. ಸೋಮವಾರ ಒಂಬತ್ತಕ್ಕೆ ಮ್ಯಾನೇಜರ್ ಕೋಣೆಯಲ್ಲಿ ವಿಚಾರಣೆ. ಆ ವರದಿ ಹಾಗೇ ಉಳಿದರೆ ಖಾಯಂ ಆಗುವವರ ಯಾದಿಯಿಂದ ನನ್ನ ಹೆಸರು ಹೋದಂತೆಯೇ.

"ನಾನು ತಳ್ಳಿದೆ, ಎರಡು ಸಲ," ಎಂದು ಬಂದವರಿಗೆಲ್ಲ ಹೇಳಿದೆ. ಯಾರು ನಂಬಬೇಕು? ರೇಡಿಯೋ ಮಾತು ನಿಲ್ಲಿಸಿದ್ದನ್ನು ಯಾರೂ ಕಂಡಿರಲಿಲ್ಲ. ನೋಡಲು ಬಂದ ಜೊತೆಗಾರ್ತಿಯೊಬ್ಬಳು ಮರುಕದಿಂದಲೇ ಹೇಳಿದಳು: "ಬೆಳಿಗ್ಗೆ ಸ್ತೋತ್ರಕ್ಕನೇ ಸರಿ ಅಂದಿದ್ರಲ್ಲ. ಅವರು ಸುಳ್ಳು ಹೇಳ್ತಾರಾ?"

ಮೂರು ಸಲ ಟಕ್ ಎಂದದ್ದು ಆಗ ನೆನಪಾಯಿತು. ಪಟ್ಟಿ ಸರಿಯಿದ್ದರೆ ಒಂದೇ ಏಟು ಸಾಕು.

ಬುಧವಾರ ಸಂಜೆ ಮನೆಗೆ ಬಂದವಳೇ ಅಡುಗೆಮನೆಯ ಬಾಗಿಲಲ್ಲಿ ನಿಂತೆ. "ಅತ್ತಿಗೆ, ನಿನ್ನೆ ಬೆಳಿಗ್ಗೆ ಮೂರು ಸಲ ಯಾಕೆ ಹೊಡೆದ್ರಿ?"

ಅವರು ತಟ್ಟೆ ಒರೆಸುತ್ತಿದ್ದರು. ಒರೆಸಿದ್ದನ್ನೇ ಮತ್ತೆ ಒರೆಸಿದರು. "ನಿನ್ನ ಕೈ ವಾಸಿ ಆಗಿದೆ. ಸ್ತೋತ್ರ," ಎಂದರು.

"ನನ್ನ ಕೈ ಬೆಂದಿದೆ! ಮೊದಲನೇ ಏಟಿಗೆ ನಿಂತಿತಾ, ಇಲ್ವಾ?"

"ನಿನ್ನ ಕೆಲಸ ಖಾಯಂ ಆಗುತ್ತೆ ಕಣೇ. ಆಗಿದೆ ಅನ್ನು. ಇನ್ನು ಹದಿಮೂರೇ ದಿನ..." ಅವರ ಕಣ್ಣು ನನ್ನ ಕಟ್ಟಿನ ಮೇಲಿತ್ತು, ಬಾಯಿ ಮಾತ್ರ ಕಾವಲಿನಲ್ಲಿತ್ತು.

"ಮನೇಲಿ ಸೂರು ಸೋರಿದ್ರೆ ಬಕೆಟ್ ಇಡ್ತೀರಿ," ಎಂದೆ. "ಅಲ್ಲಿ ಇದ್ದದ್ದು ನನ್ನ ಕೈ. ಅಲ್ಲಿ ಬಕೆಟ್ ಎಲ್ಲಿತ್ತು?"

ಅವರು ಇನ್ನೊಂದು ತಟ್ಟೆ ಎತ್ತಿಕೊಂಡು ಒರೆಸತೊಡಗಿದರು. ಅದು ನನ್ನ ಪಿತ್ತ ನೆತ್ತಿಗೇರಿಸಿತು. ಹುಡುಕಿ ಹುಡುಕಿ ಎಲ್ಲಿ ಚುಚ್ಚಿದರೆ ಆಳಕ್ಕೆ ಹೋಗುತ್ತದೋ ಅಲ್ಲಿಗೇ ಗುರಿಯಿಟ್ಟೆ.

"ನಿನ್ನಪ್ಪ ಹೇಳಿದ್ದೇ ಸರಿ. ನೀನು ಯಾತಕ್ಕೂ ಬಾರದವಳು."

ಅದುವರೆಗೆ ಅವರನ್ನು ನಾನು 'ನೀನು' ಎಂದವಳಲ್ಲ. ತಟ್ಟೆ ಬೀಳಲಿಲ್ಲ, ಅತ್ತಿಗೆ ಅಳಲಿಲ್ಲ. ಮಾಮೂಲಿ ದನಿಯಲ್ಲಿ ಕರೆದರೆ ಮಕ್ಕಳು ಓಗೊಡುತ್ತಾರಲ್ಲ, ಹಾಗೆ ಅವರ ಬಾಯಿಂದ ಸಣ್ಣಗೆ "ಹ್ಞಾಂ" ಎಂದು ಬಂತು. ಅದನ್ನು ಕೇಳಿ ನನಗೇ ಭಯವಾಯಿತು. ಆಡಿದ ಮಾತು, ಒಡೆದ ಮುತ್ತು ಎಂದು ಹಿರಿಯರು ಹೇಳಿದ್ದು ಸುಮ್ಮನೆ ಅಲ್ಲ. ತಪ್ಪಾಯಿತು ಎನ್ನಲು ಬಾಯಿ ತೆರೆದೆ. ಬೆರಳು ಚುಳ್ ಎಂದಿತು, ಬಾಯಿ ಮುಚ್ಚಿದೆ.

ಅಂದಿನಿಂದ ಮನೆ ಮನೆಯಾಗಿ ಉಳಿಯಲಿಲ್ಲ. ಅತ್ತಿಗೆ ಅಂಗಾಲು ಸುಟ್ಟ ಬೆಕ್ಕಿನ ಹಾಗೆ ಓಡಾಡಿದರು. ಕೂತರೆ ಏಳುತ್ತಿದ್ದರು, ಎದ್ದರೆ ಯಾಕೆ ಎದ್ದೆ ಎಂಬಂತೆ ನಿಲ್ಲುತ್ತಿದ್ದರು. ಬೀರುವಿನ ಬಟ್ಟೆಯನ್ನೆಲ್ಲ ಹೊರಗೆ ಹಾಕಿ ಮಡಿಸಿ ಒಳಗಿಟ್ಟರು, ಮರುದಿನ ಅದನ್ನೇ ಮತ್ತೆ ಹೊರಗೆ ಹಾಕಿದರು. ಸ್ತೋತ್ರ ನಿಂತುಹೋಯಿತು. ನಾನೂ ಅತ್ತಿಗೆ ಎಂದು ಕರೆಯುವುದನ್ನು ಬಿಟ್ಟೆ; "ಇಲ್ಲಿ ಕೇಳಿ", "ನೀರು ಬಂತು" ಎಂದು ಗೋಡೆಗೆ ಹೇಳಿದಂತೆ ಹೇಳುತ್ತಿದ್ದೆ. ಅಣ್ಣ ಇಬ್ಬರ ಮುಖವನ್ನೂ ನೋಡಿ ಮೂರನೆಯ ದಿನ ಸಿಡಿದ: "ಯಾರಾದ್ರೂ ಒಬ್ರು ಜಗಳ ಆಡಿ ಮಾರಾಯ್ತಿ, ಈ ಮನೇಲಿ ಉಸಿರಾಡೋಕೆ ಆಗ್ತಿಲ್ಲ."

ಲಾಂಡ್ರಿಯ ಸುದ್ದಿ ನನಗೆ ಜೊತೆಗಾರ್ತಿಯರಿಂದ ಬರುತ್ತಿತ್ತು. ಬೆಳಿಗ್ಗೆ ಒಂದು ಏಟಿನ ಜಾಗದಲ್ಲಿ ಸ್ತೋತ್ರಕ್ಕ ಹದಿನೈದು, ಇಪ್ಪತ್ತು ಏಟು ಹಾಕುತ್ತಾರಂತೆ. ಪ್ರತಿ ಸಲವೂ ರೋಲರ್ ನಿಲ್ಲುತ್ತದಂತೆ. ಆದರೂ ಗಂಟೆಯಾದಾಗ ಜಾಗ ಬದಲಿಸಲು ಬಿಡುತ್ತಿಲ್ಲವಂತೆ. ಎಂಟು ಗಂಟೆ ಹೊತ್ತೂ ಕೊಡುವ ಕಡೆ ಅವರೇ ನಿಲ್ಲುತ್ತಾರಂತೆ. "ನೀವೆಲ್ಲ ಮಡಿಸಿ, ನಾನು ಕೊಡ್ತೀನಿ" ಎನ್ನುತ್ತಾರಂತೆ. ಅದನ್ನು ಕೇಳಿದಾಗ ನನ್ನ ಸಿಟ್ಟಿಗೆ ಒಂದು ಬಿರುಕು ಬಿತ್ತು. ಅದು ಅವರ ಬಕೆಟ್. ತಡವಾಗಿ ತಂದಿಟ್ಟ ಬಕೆಟ್.

ಭಾನುವಾರ ಸಭೆಯಲ್ಲಿ ಬಾಯಿಕಾವಲಿನವರು ಒಬ್ಬೊಬ್ಬರಾಗಿ ಎದ್ದು ಸಾಕ್ಷಿ ಹೇಳಿದರು. ಅತ್ತಿಗೆಯ ಸರದಿ ಬಂದಾಗ ಅವರು ಎದ್ದರು, ಚಪ್ಪಾಳೆಗೆ ಎಲ್ಲರೂ ಕೈ ಎತ್ತಿ ಕಾದರು. ಅತ್ತಿಗೆ ಬೆಂಚುಗಳ ನಡುವಿನಿಂದ ನೇರ ಹೊರಗೆ ನಡೆದುಬಿಟ್ಟರು. ನಾನು ಹಿಂದೆಯೇ ಓಡಿದೆ. ಎಷ್ಟು ಸಿಟ್ಟಿದ್ದರೂ ಮನೆಯವರು ಮನೆಯವರೇ.

ಅವರು ಹೋದದ್ದು ದೊಡ್ಡಮ್ಮನ ಮನೆಗೆ. ದೊಡ್ಡಮ್ಮನಿಗೆ ಈಗ ಎಂಬತ್ತು ದಾಟಿದೆ, ಸಭೆಗೆ ಬರಲು ಕಾಲು ಸಹಕರಿಸುವುದಿಲ್ಲ. ಕಿಟಕಿಯ ಪಕ್ಕದ ಮಂಚದ ಮೇಲೆ ಕೂತಿದ್ದರು. ನಾನು ಬಾಗಿಲಿನಾಚೆ ಮೆಟ್ಟಿಲ ಮೇಲೆ ಕೂತೆ, ಒಳಗಿನದೆಲ್ಲ ಕೇಳುತ್ತಿತ್ತು.

ಅತ್ತಿಗೆ ಎಲ್ಲವನ್ನೂ ಹೇಳಿದರು. ಮೊದಲ ಏಟಿಗೆ ನಿಲ್ಲಲಿಲ್ಲ, ಎರಡನೆಯದಕ್ಕೂ ನಿಲ್ಲಲಿಲ್ಲ, ಮೂರನೆಯದಕ್ಕೆ ನಿಂತಿತು. ಸರಿಯಿಲ್ಲ ಎಂದರೆ ಇಪ್ಪತ್ತಾರು ದಿನ ನೀರಿನಲ್ಲಿ ಹೋಮ, ನಾದಿನಿಯ ಕೆಲಸವೂ ಹೋಗುತ್ತದೆ ಎಂದು ಹೆದರಿದರು. ಸರಿ ಎಂದು ನಂಬಿಕೆಯಿಂದ ಕೂಗಿದರೆ ಸರಿಯಾಗುತ್ತದೆ ಎಂದುಕೊಂಡರು. "ನೀವು ಅವತ್ತು ಅಂದ ಹಾಗೇ ಅಲ್ವಾ ದೊಡ್ಡಮ್ಮ? ನೀವು ಬೇಕಾದವಳು ಅಂದ್ರಿ, ನಾನು ಬೇಕಾದವಳಾದೆ. ನಾನು ಸರಿ ಅಂದೆ. ಯಾಕೆ ಸರಿ ಆಗ್ಲಿಲ್ಲ?"

ನಾನು ಇಣುಕಿದೆ. ದೊಡ್ಡಮ್ಮ ಅತ್ತಿಗೆಯ ಕೈ ಹಿಡಿದುಕೊಂಡಿದ್ದರು.

"ನಾನಂದಿದ್ದಕ್ಕೆ ನೀನು ಬೇಕಾದವಳು ಆಗಲಿಲ್ಲ ಮಗಳೇ," ಎಂದರು. "ನೀನು ಮೊದಲೇ ಬೇಕಾದವಳಾಗಿದ್ದೆ. ನಿಮ್ಮಪ್ಪ ಸುಳ್ಳು ಹೇಳ್ತಿದ್ದ. ನಾನು ಇದ್ದದ್ದನ್ನ ಹೇಳಿದೆ, ಅಷ್ಟೇ. ಅದಕ್ಕೇ ಆ ಮಾತಿಗೆ ಅಷ್ಟು ಬಲ ಬಂತು."

ಅತ್ತಿಗೆ ಅಲ್ಲಿಯೇ ಅತ್ತರು. ಹೊರಗೆ ನಾನೂ ಅತ್ತೆ, ಕಟ್ಟು ಹಾಕಿದ ಕೈಯಿಂದ ಮೂಗು ಒರೆಸಿಕೊಳ್ಳಲು ಹೋಗಿ ನೋವಿನಿಂದ ಇನ್ನಷ್ಟು ಅತ್ತೆ. ಅವರ ಅಪ್ಪನ ಸುಳ್ಳನ್ನು ಮೊನ್ನೆ ಮತ್ತೆ ಹೇಳಿದವಳು ನಾನೇ ತಾನೇ.

ದಾರಿಯಲ್ಲಿ ಅತ್ತಿಗೆ ಒಂದೇ ಮಾತು ಹೇಳಿದರು: "ನಾಳೆ ಒಂಬತ್ತಕ್ಕೆ ಬರ್ಬೇಡ. ನನ್ನ ಜೊತೆ ಏಳೂವರೆಗೇ ಬಾ."

ಸೋಮವಾರ ಏಳೂವರೆಗೆ ಎಲ್ಲರೂ ತಮ್ಮ ತಮ್ಮ ಜಾಗದಲ್ಲಿದ್ದರು. ನಾನು ಬಾಗಿಲ ಬಳಿ ಗಾಲಿಬುಟ್ಟಿಗೆ ಒರಗಿ ನಿಂತೆ. ಅತ್ತಿಗೆ ರೋಲರ್ ಓಡಿಸಿ ಕೋಲಿನಿಂದ ಪಟ್ಟಿಗೆ ಒಂದೇಟು ಹಾಕಿದರು. ರೋಲರ್ ನಿಂತಿತು. ಗಾಜಿನ ಗೂಡಿನಲ್ಲಿ ಸೂಪರ್‌ವೈಜರ್ ಪೆನ್ನು ಎತ್ತಿದ. ಕೂಗು ಬರಲಿಲ್ಲ.

"ಏನಮ್ಮಾ, ನಿಂತಿತಲ್ಲ. ಸರಿ ಅನ್ನಿ," ಎಂದ.

ಅತ್ತಿಗೆ ಕೋಲನ್ನು ಕೆಳಗಿಟ್ಟರು. ಎರಡೂ ಕೈಯಿಂದ ಸೆರಗು ಹಿಂಡುತ್ತಿದ್ದರು. ಆಮೇಲೆ ಆರು ಯಂತ್ರಗಳ ಗುಡುಗು ಮೀರಿ ಆ ಗಂಟಲು ಎದ್ದಿತು.

"ಹೋದ ಮಂಗಳವಾರ ಪಟ್ಟಿ ಸರಿ ಇರಲಿಲ್ಲ! ಎರಡು ಏಟಿಗೆ ನಿಲ್ಲಲಿಲ್ಲ! ನೋಡಿಯೂ ಸರಿ ಅಂತ ಕೂಗಿದೆ! ನಾನು ಹೇಳಿದ್ದು ಸುಳ್ಳು! ಅವಳು ಪಟ್ಟಿ ತಳ್ಳಿದ್ಲು!" ಉಸಿರು ತೆಗೆದುಕೊಂಡು, ಇನ್ನೂ ಜೋರಾಗಿ ಕೂಗಿದರು. "ಇವತ್ತೂ ಇದನ್ನ ನಂಬೋಕೆ ಆಗಲ್ಲ! ಬಿಚ್ಚಿ ನೋಡೋವರೆಗೂ ಓಡಿಸ್ಬಾರ್ದು!"

ಇಲ್ಲ, ಆಗಲ್ಲ, ಸರಿಯಿಲ್ಲ. ಮೂರು ಮಾತೂ ಎಲ್ಲರೆದುರು ಒಟ್ಟಿಗೇ ಬಂದವು. ದೊಡ್ಡಮ್ಮನ ಮುಂದೆ ಆಗಲೇ ಸಡಿಲಿದ್ದ ಬಾಯಿಕಾವಲು ಅಲ್ಲಿಗೆ ಮುಗಿಯಿತು.

ಆಮೇಲಿನದು ಆಮೇಲೆ ಆಯಿತು. ಮೆಕ್ಯಾನಿಕ್ ಪಟ್ಟಿಯ ತಂತಿ ಹಾದುಹೋಗುವ ಕೊಳವೆ ಬಿಚ್ಚಿದಾಗ ಒಳಗೆ ತಂತಿಯ ಹೊದಿಕೆ ಸವೆದು, ಒಮ್ಮೆ ತಾಗಿ ಒಮ್ಮೆ ತಾಗದ ಹಾಗಾಗಿತ್ತು. ವರದಿ ಹರಿದು ಬೇರೆ ಬರೆದರು. ತಿಂಗಳ ಕೊನೆಗೆ ನನ್ನ ಹೆಸರು ಖಾಯಂ ಆಯಿತು. ಅತ್ತಿಗೆಯನ್ನು ಕೊಳೆಬಟ್ಟೆಯ ಕೋಣೆಗೆ ಕಳಿಸಿದರು, ಅವರು ಎದುರು ಹೇಳಲಿಲ್ಲ. ನನ್ನ ಬೆರಳುಗಳು ಇಂದಿಗೂ ಪೂರ್ತಿ ಮಡಚುವುದಿಲ್ಲ.

ಆದರೆ ಆ ಬೆಳಿಗ್ಗೆ ಇದ್ಯಾವುದೂ ಗೊತ್ತಿರಲಿಲ್ಲ. ಅತ್ತಿಗೆ ಕೂಗಿ ನಿಂತಿದ್ದರು, ಉತ್ತರ ಬರಬೇಕಿತ್ತು. ಮಡಿಸುವ ಕಡೆಯವಳು ಸೂಪರ್‌ವೈಜರನ ಮುಖ ನೋಡಿ ನೆಲ ನೋಡಿದಳು. ಉಳಿದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಹನ್ನೊಂದು ಜನರಲ್ಲಿ ಒಬ್ಬರ ಬಾಯಿಯೂ ತೆರೆಯಲಿಲ್ಲ. ಅತ್ತಿಗೆ ಶಾಲೆಯಲ್ಲಿ ಕೈ ಎತ್ತಿ, ಯಾರೂ ಕೇಳದೆ, ಎತ್ತಿದ ಕೈ ಇಳಿಸಲೂ ತಿಳಿಯದ ಹುಡುಗಿಯಂತೆ ಕಂಡರು. ನನಗೆ ತಡೆಯಲಾಗಲಿಲ್ಲ. ಬುಟ್ಟಿಯನ್ನು ಪಕ್ಕಕ್ಕೆ ತಳ್ಳಿ, ಯಂತ್ರಗಳ ನಡುವೆ ನಡೆದು ಮಡಿಸುವ ಕಡೆಗೆ ಬಂದೆ. ಈ ಸಲ ಬೆನ್ನು ಹಾಕದೆ, ಮೊದಲು ರೋಲರನ್ನು ನೋಡಿದೆ, ಆಮೇಲೆ ಅವರ ಮುಖವನ್ನು.

"ಕೇಳಿಸ್ತು, ಅತ್ತಿಗೆ!" ಎಂದೆ, ಗಂಟಲು ಹರಿಯುವಷ್ಟು ಜೋರಾಗಿ.

ನಿಯಮದ ಉತ್ತರದಲ್ಲಿ ಅತ್ತಿಗೆ ಎಂಬುದಿಲ್ಲ. ಅದನ್ನು ಸೇರಿಸಿದವಳು ನಾನು.